ಬೆನ್ನುಹುರಿಗೆ ಪೆಟ್ಟಾದವರ ಉಸಿರು: ಆಪರೇಷನ್ ಮುಗಿದ ಮೇಲೆ ಯಾರ ಹೊಣೆ?

ಮಳೆಗಾಲದಲ್ಲಿ ಅಡಿಕೆ ತೋಟಗಳಿಗೆ ಮದ್ದು ಬಿಡುವ ಕೆಲಸ ಶುರುವಾಯಿತೆಂದರೆ ಕರಾವಳಿಯ ಪತ್ರಿಕೆಗಳ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಮರದಿಂದ ಬಿದ್ದು ಕಾರ್ಮಿಕನಿಗೆ ಗಂಭೀರ ಗಾಯ, ಮಂಗಳೂರಿನ ಆಸ್ಪತ್ರೆಗೆ ದಾಖಲು. ನಾಲ್ಕು ಸಾಲಿನ ಸುದ್ದಿ. ಬಿದ್ದವನು ತೀರಿಕೊಂಡರೆ ಮರುದಿನ ಇನ್ನೆರಡು ಸಾಲು ಬರುತ್ತದೆ, ಬದುಕಿದರೆ ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಬೈಕಿನಿಂದ ಬಿದ್ದವರ, ಹಂಚಿನ ಮಾಡು ಸರಿಮಾಡಲು ಹತ್ತಿ ಜಾರಿದವರ, ಹೊಳೆಯಲ್ಲಿ ಆಳ ನೋಡದೆ ತಲೆಕೆಳಗಾಗಿ ಹಾರಿದ ಹುಡುಗರ ಕಥೆಯೂ ಇದೇ. ಇಂಥವರಲ್ಲಿ ಕೆಲವರು ಆಪರೇಷನ್ ಚೆನ್ನಾಗಿ ಆಗಿ ಮನೆಗೆ ಬಂದು, ಆರು ತಿಂಗಳೋ ಎರಡು ವರ್ಷವೋ ಕಳೆದ ಮೇಲೆ ಎದೆಯಲ್ಲಿ ಕಫ ಕಟ್ಟಿ, ಜ್ವರ ಬಂದು, ಉಸಿರೆಳೆಯಲಾಗದೆ ಮಂಚದಲ್ಲೇ ತೀರಿಕೊಳ್ಳುತ್ತಾರೆ. ಅದು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಊರಿನವರು "ಪಾಪ, ಬೆನ್ನು ಮುರಿದಿತ್ತಲ್ಲ" ಎಂದು ಹೇಳಿ ಸುಮ್ಮನಾಗುತ್ತಾರೆ. ಬೆನ್ನು ಮುರಿದರೆ ಸಾವು ಯಾಕೆ ಎದೆಯ ದಾರಿಯಲ್ಲಿ ಬರಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಈ ಪ್ರಶ್ನೆ ಕೇಳಲೇಬೇಕಾದದ್ದು. ಅಮೆರಿಕದಲ್ಲಿ 1970ರ ದಶಕದಿಂದ ಬೆನ್ನುಹುರಿಯ ಗಾಯಾಳುಗಳ ದಾಖಲೆಯನ್ನು ವರ್ಷಗಟ್ಟಲೆ ಬೆನ್ನುಬಿಡದೆ ಇಡುತ್ತಾ ಬಂದಿದ್ದಾರೆ. ಅಲ್ಲಿನ ಲೆಕ್ಕದಲ್ಲಿ ಇವರ ಸಾವಿಗೆ ಮುಖ್ಯ ಕಾರಣ ಉಸಿರಾಟದ ಕಾಯಿಲೆಗಳು, ಅದರಲ್ಲೂ ನ್ಯುಮೋನಿಯ. ಹಿಂದೆ ಹೀಗಿರಲಿಲ್ಲ. ಆಗ ಇವರನ್ನು ಬಲಿ ತೆಗೆದುಕೊಳ್ಳುತ್ತಿದ್ದದ್ದು ಮೂತ್ರಪಿಂಡದ ವೈಫಲ್ಯ. ಮೂತ್ರ ತೆಗೆಯುವ ಸರಿಯಾದ ಕ್ರಮವನ್ನು ರೋಗಿಗೂ ಮನೆಯವರಿಗೂ ಕಲಿಸತೊಡಗಿದ ಮೇಲೆ ಆ ಸಾವುಗಳು ಇಳಿದವು. ನಮ್ಮಲ್ಲಿಯೂ ಆಸ್ಪತ್ರೆಯಿಂದ ಬಿಡುವಾಗ ಟ್ಯೂಬಿನ ಬಗ್ಗೆ ಹೇಳುತ್ತಾರೆ, ಬೆನ್ನಿನಲ್ಲಿ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಹೇಳುತ್ತಾರೆ. ಕೆಮ್ಮಿಸುವುದು ಹೇಗೆ ಎಂದು ಮನೆಯ ಹೆಂಗಸಿನ ಕೈ ಹಿಡಿದು ಕಲಿಸುವುದು ಮಾತ್ರ ಅಪರೂಪ.

ಶ್ವಾಸಕೋಶಕ್ಕೆ ತಾನಾಗಿಯೇ ಹಿಗ್ಗುವ ಶಕ್ತಿ ಇಲ್ಲ. ಅದನ್ನು ಹಿಗ್ಗಿಸುವುದು ಸುತ್ತಲಿನ ಸ್ನಾಯುಗಳು. ಅವುಗಳಲ್ಲಿ ಮುಖ್ಯವಾದದ್ದು ಎದೆಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಹರಡಿರುವ ವಪೆ, ವೈದ್ಯರು ಡಯಾಫ್ರಾಮ್ ಎನ್ನುವುದು ಇದನ್ನೇ. ಇದಕ್ಕೆ ಆಜ್ಞೆ ಒಯ್ಯುವ ಫ್ರೆನಿಕ್ ನರ ಹೊರಡುವುದು ಬೆನ್ನುಹುರಿಯಲ್ಲಿ ಕುತ್ತಿಗೆಯ 3, 4 ಮತ್ತು 5ನೇ ಮಟ್ಟದಿಂದ. ಪಕ್ಕೆಲುಬುಗಳ ನಡುವಿನ ಸ್ನಾಯುಗಳಿಗೆ ನರ ಬರುವುದು ಎದೆಯ ಭಾಗದ ಬೆನ್ನುಹುರಿಯಿಂದ. ಹೊಟ್ಟೆಯ ಸ್ನಾಯುಗಳಿಗೆ ಇನ್ನೂ ಕೆಳಗೆ, ಹೆಚ್ಚುಕಡಿಮೆ ಎದೆಯ 6ನೇ ಮಟ್ಟದಿಂದ 12ರವರೆಗೆ. ಹುರಿ ಎಲ್ಲಿ ತುಂಡಾಯಿತೋ ಅದರ ಕೆಳಗಿನವೆಲ್ಲ ಮೆದುಳಿನ ಮಾತು ಕೇಳುವುದಿಲ್ಲ. ಆದ್ದರಿಂದ ಪೆಟ್ಟು ಮೇಲೆ ಹೋದಷ್ಟೂ ಉಸಿರಾಟಕ್ಕೆ ಉಳಿಯುವ ಸ್ನಾಯುಗಳು ಕಡಿಮೆ.

ಕುತ್ತಿಗೆಯ 1 ಮತ್ತು 2ನೇ ಮಟ್ಟದಲ್ಲಿ ಪೂರ್ತಿ ಪೆಟ್ಟಾದರೆ ವೆಂಟಿಲೇಟರ್ ಇಲ್ಲದೆ ಬದುಕುವುದು ಕಷ್ಟ. ಸೂಪರ್‌ಮ್ಯಾನ್ ಪಾತ್ರದ ಹಾಲಿವುಡ್ ನಟ ಕ್ರಿಸ್ಟೋಫರ್ ರೀವ್ 1995ರ ಮೇ ತಿಂಗಳಲ್ಲಿ ಕುದುರೆಯಿಂದ ಬಿದ್ದಾಗ ಆದದ್ದು ಇದೇ. 2003ರಲ್ಲಿ ಕ್ಲೀವ್‌ಲ್ಯಾಂಡಿನ ವೈದ್ಯರು ಅವರ ವಪೆಗೆ ವಿದ್ಯುತ್ ತಂತಿಗಳನ್ನು ಜೋಡಿಸಿ, ದಿನದಲ್ಲಿ ಕೆಲವು ಗಂಟೆ ವೆಂಟಿಲೇಟರ್ ಇಲ್ಲದೆ ಉಸಿರಾಡುವಂತೆ ಮಾಡಿದರು. ಆ ಸಾಧನಕ್ಕೆ ಅಮೆರಿಕ ಸರಕಾರದ ಒಪ್ಪಿಗೆ ಸಿಕ್ಕಿದ್ದು 2008ರಲ್ಲಿ, ರೀವ್ 2004ರ ಅಕ್ಟೋಬರಿನಲ್ಲೇ ತೀರಿಕೊಂಡಿದ್ದರು. ಫ್ರೆನಿಕ್ ನರ ಜೀವಂತವಾಗಿದ್ದರೆ ಮಾತ್ರ ಈ ಸಾಧನ ಕೆಲಸ ಮಾಡುತ್ತದೆ, ಬೆಲೆಯೂ ನಮ್ಮ ಕೂಲಿ ಕಾರ್ಮಿಕನ ಕೈಗೆ ಎಟಕುವಂಥದ್ದಲ್ಲ. ಪತ್ರಿಕೆಗಳು ಇಂತಹ ಅದ್ಭುತಗಳ ಬಗ್ಗೆ ಪುಟಗಟ್ಟಲೆ ಬರೆದವು. ನಮ್ಮ ಊರುಗಳಲ್ಲಿ ಉಸಿರು ಕಳೆದುಕೊಳ್ಳುವವರ ಸಮಸ್ಯೆ ಇದಕ್ಕಿಂತ ಸರಳವಾದದ್ದು, ಅದಕ್ಕಾಗಿಯೇ ಕಣ್ಣಿಗೆ ಬೀಳದೆ ಹೋಗುವಂಥದ್ದು.

ಕುತ್ತಿಗೆಯ 5ನೇ ಮಟ್ಟದಿಂದ ಕೆಳಗೆ, ಅಥವಾ ಎದೆಯ ಮೇಲ್ಭಾಗದಲ್ಲಿ ಪೆಟ್ಟಾದವನನ್ನು ನೋಡಿ. ವಪೆ ಕೆಲಸ ಮಾಡುತ್ತಿದೆ. ಅವನು ಮಾತಾಡುತ್ತಾನೆ, ನಗುತ್ತಾನೆ, ಗಂಜಿ ಉಣ್ಣುತ್ತಾನೆ. ನೋಡಲು ಹೋದವರಿಗೆ ಕೈಕಾಲು ಬಿದ್ದದ್ದು ಮಾತ್ರ ಕಾಣುತ್ತದೆ, ಉಸಿರು ಸರಿಯಾಗಿದೆ ಅನ್ನಿಸುತ್ತದೆ. ಆದರೆ ಉಸಿರೆಳೆಯುವುದು ಬೇರೆ, ಕೆಮ್ಮುವುದು ಬೇರೆ. ಕೆಮ್ಮಬೇಕಾದರೆ ಮೊದಲು ಆಳವಾಗಿ ಗಾಳಿ ತುಂಬಿಕೊಳ್ಳಬೇಕು, ಗಂಟಲನ್ನು ಒಂದು ಕ್ಷಣ ಮುಚ್ಚಬೇಕು, ಹೊಟ್ಟೆ ಮತ್ತು ಪಕ್ಕೆಯ ಸ್ನಾಯುಗಳು ಬಲವಾಗಿ ಹಿಂಡಬೇಕು, ಆಮೇಲೆ ಗಂಟಲು ಥಟ್ಟನೆ ತೆರೆಯಬೇಕು. ಇವನಲ್ಲಿ ಹಿಂಡುವ ಸ್ನಾಯುಗಳೇ ಸತ್ತಿವೆ. ಬರುವುದು ಕೆಮ್ಮಲ್ಲ, ಗಂಟಲು ಸರಿಮಾಡಿಕೊಂಡಂತಹ ಒಂದು ಸಣ್ಣ ಸದ್ದು. ಸಾಲದ್ದಕ್ಕೆ ಇಂತಹ ಗಾಯದ ಮೊದಲ ವಾರಗಳಲ್ಲಿ ಶ್ವಾಸನಾಳದಲ್ಲಿ ಕಫ ಹೆಚ್ಚು ಉತ್ಪತ್ತಿಯಾಗುತ್ತದೆ. ನಮಗೆ ನಿಮಗೆ ಎರಡು ದಿನದ ಶೀತವಾಗಿ ಹೋಗುವುದು ಅವನಿಗೆ ನ್ಯುಮೋನಿಯ ಆಗುವುದು ಹೀಗೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮರದಿಂದ ಬಿದ್ದವರೆಲ್ಲರಿಗೂ ಈ ಅಪಾಯ ಒಂದೇ ಸಮ ಅಲ್ಲ. ಕುಂಡೆ ಊರಿ ಬಿದ್ದವರಲ್ಲಿ ಬೆನ್ನು ಸಾಮಾನ್ಯವಾಗಿ ಮುರಿಯುವುದು ಎದೆ ಮತ್ತು ಸೊಂಟ ಸೇರುವಲ್ಲಿ. ಅವರ ಕಾಲು ಹೋದರೂ ಉಸಿರಾಟದ ಸ್ನಾಯುಗಳು ಬಹುಪಾಲು ಉಳಿಯುತ್ತವೆ. ತಲೆ ಅಥವಾ ಹೆಗಲು ಅಡಿಯಾಗಿ ಬಿದ್ದು ಕುತ್ತಿಗೆಗೆ, ಎದೆಯ ಮೇಲ್ಭಾಗಕ್ಕೆ ಪೆಟ್ಟು ಮಾಡಿಕೊಂಡವರ ವಿಷಯದಲ್ಲೇ ಹೆಚ್ಚು ಎಚ್ಚರ ಬೇಕಾಗಿರುವುದು. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ಪೆಟ್ಟಿನ ಮಟ್ಟವನ್ನು ಬರೆದಿರುತ್ತಾರೆ. ಇಂಗ್ಲಿಷಿನ ಸಿ ಅಕ್ಷರ ಇದ್ದರೆ ಕುತ್ತಿಗೆ, ಟಿ ಅಥವಾ ಡಿ ಇದ್ದರೆ ಎದೆ, ಎಲ್ ಇದ್ದರೆ ಸೊಂಟ. ರೋಗಿಗಳ ಮನೆಗೆ ಹೋಗುವವರು ಇಷ್ಟನ್ನು ಓದಲು ಕಲಿತರೂ ಎಷ್ಟೋ ಪ್ರಯೋಜನವಿದೆ.

ಅಪಾಯ ಶುರುವಾಗುವುದು ಬಿದ್ದ ಜಾಗದಲ್ಲೇ. ಬಿದ್ದವನನ್ನು ನಾಲ್ಕು ಜನ ಕೈಕಾಲು ಹಿಡಿದು ಎತ್ತಿ ರಿಕ್ಷಾದಲ್ಲಿ ಮಡಚಿ ಕೂರಿಸುವುದು, ತಲೆ ಎತ್ತಿ ಬಾಯಿಗೆ ನೀರು ಹೊಯ್ಯುವುದು ನಮ್ಮಲ್ಲಿ ಪ್ರೀತಿಯಿಂದಲೇ ನಡೆಯುವ ಕೆಲಸಗಳು. ಕುತ್ತಿಗೆ ಅಲುಗಿ ಪೆಟ್ಟು ಒಂದೆರಡು ಮಟ್ಟ ಮೇಲಕ್ಕೆ ಹೋದರೆ ಸ್ವಂತ ಉಸಿರಾಡಬಹುದಾಗಿದ್ದವನು ವೆಂಟಿಲೇಟರಿಗೆ ಬೀಳಬಹುದು. ಕೆಮ್ಮಲಾಗದವನ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು. 108ಕ್ಕೆ ಕರೆ ಮಾಡಿ, ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಹಿಡಿದು ಗಟ್ಟಿ ಹಲಗೆಯ ಮೇಲೆ ಸಾಗಿಸುವುದೇ ಸರಿಯಾದ ಕ್ರಮ. ಆಸ್ಪತ್ರೆ ಸೇರಿದ ಮೇಲೂ ಮೊದಲ ದಿನ ಚೆನ್ನಾಗಿ ಉಸಿರಾಡುತ್ತಿದ್ದಾನೆಂದು ನಿಶ್ಚಿಂತರಾಗುವಂತಿಲ್ಲ. ಹುರಿಯ ಊತ ಮೇಲಕ್ಕೆ ಹತ್ತಿ, ಸ್ನಾಯುಗಳು ದಣಿದು, ಮೂರನೆಯ ನಾಲ್ಕನೆಯ ದಿನ ಉಸಿರು ಕೈಕೊಡುವುದುಂಟು. ಕುತ್ತಿಗೆಯ ಪೆಟ್ಟಿನಲ್ಲಿ ಒಂದೇ ಬಾರಿಗೆ ಎಳೆದು ಬಿಡಬಲ್ಲ ಗಾಳಿಯ ಪ್ರಮಾಣ ಮೊದಲ ವಾರದಲ್ಲಿ ಸಾಮಾನ್ಯದ ಮೂರನೇ ಒಂದರಷ್ಟಕ್ಕೆ ಇಳಿಯಬಹುದು. ಸಮಾಧಾನದ ಸಂಗತಿಯೆಂದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಸಡಿಲವಾಗಿದ್ದ ಪಕ್ಕೆಗಳು ತಿಂಗಳುಗಳು ಕಳೆದಂತೆ ಬಿಗಿಯಾಗುತ್ತವೆ, ಉಳಿದ ಸ್ನಾಯುಗಳು ಬಲಗೊಳ್ಳುತ್ತವೆ, ಮೂರು ತಿಂಗಳಲ್ಲಿ ಆ ಪ್ರಮಾಣ ದುಪ್ಪಟ್ಟಾಗುವುದೂ ಇದೆ. ಈ ಮೂರು ತಿಂಗಳನ್ನು ದಾಟಿಸುವುದೇ ದೊಡ್ಡ ಕೆಲಸ.

ಮನೆಯಲ್ಲಿ ನಡೆಯುವ ಇನ್ನೊಂದು ತಪ್ಪು ತಿಳಿವಳಿಕೆಯನ್ನು ಹೇಳಲೇಬೇಕು. ದಮ್ಮು ಹತ್ತಿದವರನ್ನು ದಿಂಬು ಕೊಟ್ಟು ಕೂರಿಸುವುದು ನಮಗೆಲ್ಲ ಗೊತ್ತಿರುವ ಉಪಾಯ. ಹೃದಯದ, ಅಸ್ತಮಾದ ರೋಗಿಗಳಿಗೆ ಅದು ಸರಿ. ಆದರೆ ಕುತ್ತಿಗೆಯ ಪೆಟ್ಟಿನಿಂದ ಕೈಕಾಲು ನಾಲ್ಕೂ ಬಿದ್ದವರಲ್ಲಿ ಇದು ತಿರುಗುಮುರುಗು. ಕೂರಿಸಿದಾಗ ಅವರ ಸಡಿಲವಾದ ಹೊಟ್ಟೆ ಮುಂದಕ್ಕೆ ಜೋತುಬಿದ್ದು ವಪೆಯೂ ಕೆಳಗಿಳಿದು ಚಪ್ಪಟೆಯಾಗುತ್ತದೆ, ಎಳೆಯಲು ಅದಕ್ಕೆ ಜಾಗವೇ ಉಳಿಯುವುದಿಲ್ಲ. ಅಂಗಾತ ಮಲಗಿದಾಗ ಹೊಟ್ಟೆಯ ಅಂಗಗಳು ವಪೆಯನ್ನು ಮೇಲಕ್ಕೆ ಒತ್ತಿಡುವುದರಿಂದ ಅವರು ಹೆಚ್ಚು ಗಾಳಿ ಎಳೆಯಬಲ್ಲರು. ಹಾಗೆಂದು ಸದಾ ಮಲಗಿಸಿಡಬೇಕೆಂದಲ್ಲ. ಊಟ ಮಾಡಿಸುವಾಗ ತಲೆಯ ಭಾಗ ಎತ್ತರವಿರಲೇಬೇಕು, ಗಾಲಿಕುರ್ಚಿಯೂ ಬೇಕು. ಕೂರಿಸುವಾಗ ಹೊಟ್ಟೆಗೆ ಅಗಲವಾದ ಬೆಲ್ಟ್ ಬಿಗಿದರೆ ಜೋತು ಬೀಳುವುದು ತಪ್ಪುತ್ತದೆ. ಹೆರಿಗೆಯಾದವರಿಗೆ ಕಟ್ಟುವಂಥದ್ದೇ ಬೆಲ್ಟ್, ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಎಷ್ಟು ಬಿಗಿ, ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಮಾತ್ರ ಫಿಸಿಯೋಥೆರಪಿಯವರಿಂದ ಕೇಳಿ ತಿಳಿಯಬೇಕು.

ಕೆಮ್ಮಿಗೂ ಉಪಾಯವಿದೆ, ಅದಕ್ಕೆ ಬೇಕಾಗಿರುವುದು ಇನ್ನೊಬ್ಬರ ಎರಡು ಕೈ. ರೋಗಿ ಆಳವಾಗಿ ಉಸಿರೆಳೆದು ಕೆಮ್ಮಲು ಯತ್ನಿಸುವ ಅದೇ ಕ್ಷಣದಲ್ಲಿ, ಪಕ್ಕೆಲುಬಿನ ಕೆಳಗೆ ಹೊಕ್ಕಳಿನ ಮೇಲೆ ಅಂಗೈ ಇಟ್ಟು ಒಳಕ್ಕೂ ಮೇಲಕ್ಕೂ ಒತ್ತುವುದು. ಸತ್ತ ಹೊಟ್ಟೆಯ ಸ್ನಾಯುಗಳ ಕೆಲಸವನ್ನು ಕೈಗಳು ಮಾಡುತ್ತವೆ. ಸಮಯ ಹೊಂದಿದರೆ ಕಫ ಬಾಯಿಗೆ ಬರುತ್ತದೆ, ಹೊಂದದಿದ್ದರೆ ನೋವು ಮಾತ್ರ. ಊಟವಾದ ಕೂಡಲೇ ಮಾಡಬಾರದು, ಪಕ್ಕೆಲುಬು ಮುರಿದಿದ್ದರೆ, ಬೆನ್ನುಮೂಳೆ ಇನ್ನೂ ಗಟ್ಟಿಯಾಗಿಲ್ಲದಿದ್ದರೆ ಮಾಡಲೇಬಾರದು. ಆದ್ದರಿಂದ ಇದನ್ನು ಓದಿ ಯಾರೂ ಪ್ರಯೋಗಕ್ಕಿಳಿಯಬಾರದು. ಆಸ್ಪತ್ರೆ ಬಿಡುವ ಮುಂಚೆ ಮನೆಯವರು ಫಿಸಿಯೋಥೆರಪಿಯವರ ಕಣ್ಣೆದುರಿನಲ್ಲೇ ನಾಲ್ಕಾರು ಬಾರಿ ಮಾಡಿ ತೋರಿಸಬೇಕು. ಸ್ವಂತವಾಗಿ ಆಳವಾಗಿ ಗಾಳಿ ಎಳೆಯಲಾಗದವರಿಗೆ ಅಂಬು ಬ್ಯಾಗಿನಿಂದ ಎರಡು ಮೂರು ಸಲ ಗಾಳಿ ತುಂಬಿ, ಅದನ್ನು ಹಿಡಿದಿಟ್ಟುಕೊಳ್ಳಲು ಹೇಳಿ, ಆಮೇಲೆ ಒತ್ತುವ ಕ್ರಮವೂ ಇದೆ. ಕೆಮ್ಮಿಸುವ ಯಂತ್ರವೂ ಉಂಟು, ಪೋಲಿಯೋ ಹಾವಳಿಯ ಕಾಲದಲ್ಲಿ 1950ರ ದಶಕದಲ್ಲಿ ಬಂದ ಕಲ್ಪನೆ ಅದು. ಈಗಿನ ಯಂತ್ರಕ್ಕೆ ಲಕ್ಷಗಟ್ಟಲೆ ಬೆಲೆ.

ಕೆಮ್ಮಿನ ಬಲವನ್ನು ಅಳೆಯಲು ಅಸ್ತಮಾ ರೋಗಿಗಳು ಊದುವ ಪೀಕ್ ಫ್ಲೋ ಮೀಟರ್ ಸಾಕು. ಸ್ನಾಯು ದೌರ್ಬಲ್ಯದ ರೋಗಿಗಳ ಅಧ್ಯಯನಗಳಿಂದ ಬಂದ ಅಳತೆಯ ಪ್ರಕಾರ ಕೆಮ್ಮಿನ ವೇಗ ನಿಮಿಷಕ್ಕೆ 270 ಲೀಟರಿಗಿಂತ ಕಡಿಮೆಯಿದ್ದರೆ ಶೀತ ಬಂದಾಗ ಅಪಾಯವಿದೆ, 160ಕ್ಕಿಂತ ಕಡಿಮೆಯಿದ್ದರೆ ಕಫ ತಾನಾಗಿ ಹೊರಬರುವುದು ಕಷ್ಟ. ಮೀಟರ್ ಇಲ್ಲದಿದ್ದರೂ ಒಂದೇ ಉಸಿರಿನಲ್ಲಿ ಒಂದು, ಎರಡು ಎಂದು ಎಣಿಸಲು ಹೇಳಬಹುದು. ಕಳೆದ ವಾರ 20 ದಾಟಿದವರು ಈ ವಾರ 12ಕ್ಕೆ ನಿಂತರೆ ವೈದ್ಯರನ್ನು ಕರೆಯುವ ಹೊತ್ತಾಯಿತು. 2020 ಮತ್ತು 2021ರ ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಎಷ್ಟೋ ಮನೆಗಳ ಕಪಾಟಿನಲ್ಲಿ ಬಿದ್ದಿದೆ. ಬೇರೆ ಶ್ವಾಸಕೋಶದ ಕಾಯಿಲೆ ಇಲ್ಲದ ಇಂತಹ ರೋಗಿಯ ಬೆರಳಿಗೆ ಹಾಕಿದಾಗ ಅದು 95ಕ್ಕಿಂತ ಕೆಳಗೆ ತೋರಿಸಿದರೆ, ಎಲ್ಲೋ ಕಫ ಕಟ್ಟಿದೆಯೆಂದು ಸಂಶಯಪಡಬೇಕು. ಆಮ್ಲಜನಕದ ಸಿಲಿಂಡರ್ ತಂದಿಟ್ಟು ಸುಮ್ಮನಾದರೆ ಸಂಖ್ಯೆ ಮೇಲೇರುತ್ತದೆ, ಕಫ ಅಲ್ಲೇ ಉಳಿಯುತ್ತದೆ.

ಉಳಿದಿರುವ ಸ್ನಾಯುಗಳಿಗೆ ವ್ಯಾಯಾಮ ಕೊಡುವುದರಿಂದ ಲಾಭವಿದೆಯೇ? ಇದೆ, ಆದರೆ ಮಿತವಾಗಿ. 2013ರಲ್ಲಿ ಕಾಕ್ರೇನ್ ಸಂಸ್ಥೆಯವರು 11 ಅಧ್ಯಯನಗಳ 212 ರೋಗಿಗಳ ಫಲಿತಾಂಶವನ್ನು ಒಟ್ಟುಗೂಡಿಸಿ, ಉಸಿರಾಟದ ಸ್ನಾಯುಗಳ ಬಲ ಮತ್ತು ಎಳೆಯುವ ಗಾಳಿಯ ಪ್ರಮಾಣ ಸ್ವಲ್ಪಮಟ್ಟಿಗೆ ಹೆಚ್ಚುತ್ತದೆ ಎಂದರು. ಅದೇ ವರ್ಷ ಆಸ್ಟ್ರೇಲಿಯಾದ ಮೆಲ್ಬರ್ನಿನಿಂದ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಕೈಕಾಲು ಬಿದ್ದ 24 ಜನರಲ್ಲಿ ಒಂದು ಗುಂಪಿಗೆ 12 ವಾರ, ವಾರಕ್ಕೆ ಮೂರು ಬಾರಿ ಹಾಡಿಸಿದರು, ಇನ್ನೊಂದು ಗುಂಪು ಸಂಗೀತ ಕೇಳಿ ಚರ್ಚಿಸಿತು. ಹಾಡಿದವರ ಸ್ವರ ಜೋರಾಯಿತು, ಒಂದೇ ಉಸಿರಿನಲ್ಲಿ ಸ್ವರವನ್ನು ಹೆಚ್ಚು ಹೊತ್ತು ಎಳೆಯಬಲ್ಲವರಾದರು. ಶ್ವಾಸಕೋಶದ ಅಳತೆಗಳಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸ ಬರಲಿಲ್ಲ. ಮನಸ್ಸು ಮಾತ್ರ ಎರಡೂ ಗುಂಪಿನವರದ್ದು ಹಗುರವಾಗಿತ್ತು. ಗಾಯನ ಮಂಡಳಿಗಳಿರುವ ನಮ್ಮ ಧರ್ಮಕೇಂದ್ರಗಳಲ್ಲಿ ಇದನ್ನು ಪವಾಡವೆಂದು ಸಾರುವ ಅಗತ್ಯವಿಲ್ಲ. ಆದರೆ ಮಂಚ ಹಿಡಿದವನ ಮನೆಗೆ ಹೋಗಿ ಅವನೆದುರು ಹಾಡುವ ಬದಲು ಅವನ ಜತೆಯಲ್ಲಿ ಹಾಡುವುದು ಮೇಲು ಎಂಬುದಕ್ಕೆ ಇಷ್ಟು ಆಧಾರ ಸಾಕು. ಹಾಗೆಯೇ ಪರಮಪ್ರಸಾದ ಒಯ್ಯುವವರು ಮೊದಲು ಮನೆಯವರಲ್ಲಿ ನುಂಗಲು ತೊಂದರೆ ಇದೆಯೇ ಎಂದು ಕೇಳಿ, ಸಣ್ಣ ಚೂರು ಕೊಟ್ಟು, ಪೂರ್ತಿ ನುಂಗಿದ ಮೇಲೆಯೇ ಪ್ರಾರ್ಥನೆಗೆ ಉತ್ತರಿಸಲು ಹೇಳುವುದು ಒಳ್ಳೆಯದು. ನೆಗಡಿ ಇರುವವರು ಆ ದಿನ ಭೇಟಿ ಕೊಡದಿರುವುದೇ ದೊಡ್ಡ ಉಪಕಾರ.

ಈಗ ಹಣದ ವಿಷಯ. ಆಯುಷ್ಮಾನ್ ಭಾರತ ಯೋಜನೆ 2018ರಲ್ಲಿ ಬಂದ ಮೇಲೆ ಬಡ ಕುಟುಂಬಗಳ ಆಸ್ಪತ್ರೆಯ ಹೊರೆ ಇಳಿದಿದೆ ಎಂಬುದನ್ನು ಒಪ್ಪಲೇಬೇಕು. ಆದರೆ ಅದು ಒಳರೋಗಿಗಳ ಯೋಜನೆ, ಆಸ್ಪತ್ರೆಯಿಂದ ಬಿಟ್ಟ ನಂತರ 15 ದಿನಗಳ ಖರ್ಚನ್ನು ಮಾತ್ರ ಸೇರಿಸುತ್ತದೆ. ಬೆನ್ನುಹುರಿಯ ಗಾಯಾಳುವಿನ ನಿಜವಾದ ಪರೀಕ್ಷೆ ಶುರುವಾಗುವುದೇ ಹದಿನಾರನೆಯ ದಿನ. ಮನೆಗೆ ಬಂದು ಹೋಗುವ ಫಿಸಿಯೋಥೆರಪಿಯವರ ಫೀಸು, ಸಕ್ಷನ್ ಯಂತ್ರ, ಬೆಲ್ಟು, ಫ್ಲೂ ಮತ್ತು ನ್ಯುಮೋನಿಯ ತಡೆಯುವ ಲಸಿಕೆ, ಇವೆಲ್ಲ ದುಡಿಯುವ ಕೈ ಕಳೆದುಕೊಂಡ ಕುಟುಂಬದ ಮೇಲೆಯೇ ಬೀಳುತ್ತವೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಯಂತ್ರದ ಸಹಾಯದಿಂದ ಮರ ಹತ್ತುವ ತರಬೇತಿ ಶುರುಮಾಡಿತು. ತೆಂಗಿನ ಮರ ಹತ್ತುವವರಿಗೆಂದು ಅದರ ಕೇರ ಸುರಕ್ಷಾ ವಿಮೆಯೂ ಇದೆ. ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ, ಆಸ್ಪತ್ರೆಯ ಖರ್ಚಿಗೆ ಹಣ ಸಿಗುವುದು ಒಳ್ಳೆಯದೇ, ಆದರೆ ಒಂದೇ ಸಲಕ್ಕೆ ಬಂದ ಹಣ ಹೆಚ್ಚಾಗಿ ಹಳೆಯ ಸಾಲಕ್ಕೇ ಹೋಗುತ್ತದೆ. ಬೀಳುವುದನ್ನೇ ತಪ್ಪಿಸುವ ಪ್ರಯತ್ನಗಳೂ ನಡೆದಿವೆ. ಬಂಟ್ವಾಳ ತಾಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರ ಅಡಿಕೆ ಮರ ಹತ್ತುವ ಬೈಕ್ 2019ರಲ್ಲಿ ದೇಶವೆಲ್ಲ ಸುದ್ದಿಯಾಯಿತು, ನೆಲದಲ್ಲೇ ನಿಂತು ಕೊಯ್ಯುವ, ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿಯೂ ಬಂದಿದೆ. ಬೆಲೆಯ ಕಾರಣಕ್ಕೆ ಸಣ್ಣ ತೋಟದವರು ಹಿಂಜರಿಯುತ್ತಾರೆ, ಅವರ ತೋಟದಲ್ಲಿ ಮಳೆಗೆ ಪಾಚಿಗಟ್ಟಿದ ಮರವನ್ನು ಇಂದಿಗೂ ಮನುಷ್ಯನೇ ಹತ್ತುತ್ತಾನೆ.

ಮನೆಬಾಗಿಲಿಗೆ ಆರೈಕೆ ಒಯ್ಯುವುದು ಅಸಾಧ್ಯವಲ್ಲ ಎಂಬುದಕ್ಕೆ ಪಕ್ಕದ ಕೇರಳವೇ ಸಾಕ್ಷಿ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಕ್ಯಾನ್ಸರ್ ರೋಗಿಗಳ ನೋವು ಶಮನಕ್ಕೆಂದು ಶುರುವಾದ ಕೆಲಸ, ಸ್ಥಳೀಯ ಸ್ವಯಂಸೇವಕರ ಜಾಲವಾಗಿ ಬೆಳೆದು, ಬೆನ್ನುಹುರಿ ಪೆಟ್ಟಾಗಿ ಮಂಚ ಹಿಡಿದವರನ್ನೂ ಒಳಗೊಂಡಿತು. 2008ರಲ್ಲಿ ಆ ರಾಜ್ಯ ದೇಶದಲ್ಲೇ ಮೊದಲ ಬಾರಿಗೆ ಇದಕ್ಕೊಂದು ಸರಕಾರಿ ನೀತಿಯನ್ನು ತಂದು, ಪಂಚಾಯತುಗಳಿಗೆ ಹೊಣೆ ಹೊರಿಸಿತು. ನರ್ಸ್ ಒಬ್ಬರು ಊರಿನ ಸ್ವಯಂಸೇವಕರೊಂದಿಗೆ ಮನೆಮನೆಗೆ ಹೋಗುತ್ತಾರೆ. ಇನ್ನೊಂದು ಮಾದರಿ ತಮಿಳುನಾಡಿನ ವೆಲ್ಲೂರಿನದ್ದು. ಅಲ್ಲಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ವೈದ್ಯೆ ಮೇರಿ ವರ್ಗೀಸ್ 1954ರ ರಸ್ತೆ ಅಪಘಾತದಲ್ಲಿ ಸ್ವತಃ ಬೆನ್ನುಹುರಿಗೆ ಪೆಟ್ಟಾಗಿ ಕಾಲು ಕಳೆದುಕೊಂಡವರು. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು, ಅವರ ಶ್ರಮದಿಂದ 1966ರಲ್ಲಿ ಪುನರ್ವಸತಿ ಕೇಂದ್ರ ತೆರೆಯಿತು, 1972ರಲ್ಲಿ ಪದ್ಮಶ್ರೀ ಬಂತು. ರೋಗಿಯ ಜತೆ ಮನೆಯವರನ್ನೂ ಇರಿಸಿಕೊಂಡು ಕಲಿಸುವ ಪದ್ಧತಿ ಅಲ್ಲಿಯದು. ನಮ್ಮ ಜಿಲ್ಲೆಯಲ್ಲೇ ಬೆಳ್ತಂಗಡಿ ತಾಲೂಕಿನ ಕೊಕ್ಕಡದಲ್ಲಿ ಬೆನ್ನುಹುರಿ ಗಾಯಾಳುಗಳಿಗೆಂದೇ ಸೇವಾಧಾಮ ಎಂಬ ಪುನರ್ವಸತಿ ಕೇಂದ್ರವಿದೆ.

ಮಂಗಳೂರಿನಲ್ಲಿ ಫಿಸಿಯೋಥೆರಪಿ ಕಾಲೇಜುಗಳಿಗೆ ಬರವಿಲ್ಲ. ಓದಿದವರು ಗಲ್ಫಿಗೆ, ಯುರೋಪಿಗೆ ಹೋಗುತ್ತಾರೆ, ಹೋಗಲಿ. ಓದುತ್ತಿರುವ ನಾಲ್ಕು ವರ್ಷಗಳಲ್ಲಿ ಅವರನ್ನು ಪಾಳಿಯಂತೆ ಊರುಗಳ ಮನೆಗಳಿಗೆ ಕಳುಹಿಸುವುದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ. ಯಾವ ಮನೆಗೆ ಹೋಗಬೇಕೆಂದು ಅವರಿಗೆ ಗೊತ್ತಿಲ್ಲ ಅಷ್ಟೆ. ಆ ಮಾಹಿತಿ ಇರುವುದು ವಾಳೆಯ ಗುರಿಕಾರರ ಬಳಿ, ವಿನ್ಸೆಂಟ್ ದೆ ಪೌಲ್ ಸಭೆಯವರ ಬಳಿ, ಊರಿನ ಆಶಾ ಕಾರ್ಯಕರ್ತೆಯ ಬಳಿ. ಮಂಚ ಹಿಡಿದವರ ಪಟ್ಟಿ ಹೆಚ್ಚಿನ ಧರ್ಮಕೇಂದ್ರಗಳಲ್ಲಿ ಇದ್ದೇ ಇರುತ್ತದೆ. ಅದರಲ್ಲಿ ಬೆನ್ನುಹುರಿ ಪೆಟ್ಟಾದವರನ್ನು ಬೇರೆಯಾಗಿ ಗುರುತಿಸಿ, ನೆರೆಯ ಹಿಂದೂ, ಮುಸ್ಲಿಂ ಮನೆಗಳಲ್ಲಿರುವವರನ್ನೂ ಸೇರಿಸಿ, ಪೆಟ್ಟಿನ ಮಟ್ಟ ಯಾವುದು, ಮನೆಯಲ್ಲಿ ಕೆಮ್ಮಿಸಲು ಕಲಿತವರು ಯಾರಿದ್ದಾರೆ ಎಂದು ಎರಡು ಕಾಲಂ ಬರೆದು, ರೋಗಿ ಒಪ್ಪಿದರೆ ಅದನ್ನು ಹತ್ತಿರದ ಫಿಸಿಯೋಥೆರಪಿ ವಿಭಾಗಕ್ಕೆ ತಲುಪಿಸಬಹುದು. ಎರಡನೆಯ ಕಾಲಂ ಖಾಲಿ ಇರುವ ಮನೆಗೆ ಮೊದಲು ಹೋಗಬೇಕು.